ಅಮ್ಮನ ಹುಣಸೆ ಕಲ್ಲು

ನಾನು ಚಿಕ್ಕವಳಿದ್ದಾಗ ನಮ್ಮೂರ ಕೋಟೆಗೆ ಬೇಲಿ ಇರಲಿಲ್ಲ, ಬೋರ್ಡೂ ಇರಲಿಲ್ಲ. ಮಕ್ಕಳೇ, ತಮಿಳು ಸೀಮೆಯ ಸೂಳಗಿರಿಯ ಕಡೆಯ ಬೆಟ್ಟಗಳನ್ನು ನೀವು ಬಸ್ಸಿನಿಂದ ನೋಡಿದ್ದೀರಲ್ಲ, ಬರೀ ಬೋಳು ಬಂಡೆ. ಅಂಥದ್ದೇ ಒಂದು ಬೆಟ್ಟ ನಮ್ಮ ಮನೆಯ ಹಿಂದಿತ್ತು. ಅದರ ನೆತ್ತಿಯ ಮೇಲೆ ಕೋಟೆ. ಮೇಕೆ ಮೇಯಿಸಲು, ಸೀತಾಫಲ ಕೀಳಲು, ಇಲ್ಲವೇ ಮನೆಯಲ್ಲಿ ಬೈಸಿಕೊಂಡು ಮುಖ ಊದಿಸಿಕೊಂಡು ಕೂರಲು ನಾನು ಅಲ್ಲಿಗೇ ಹೋಗುತ್ತಿದ್ದೆ.

ಆ ಕೋಟೆಯನ್ನು ಕಟ್ಟಿದವರು ಭಾರೀ ಕಿಲಾಡಿಗಳು. ದಾರಿ ನೇರವಾಗಿ ಬಾಗಿಲಿಗೆ ಹೋಗುತ್ತಿರಲಿಲ್ಲ. ಗೋಡೆಯ ಪಕ್ಕದಲ್ಲೇ ಸಾಗಿ ತಟ್ಟನೆ ಎಡಕ್ಕೆ ತಿರುಗಿದರೆ ಮಾತ್ರ ಬಾಗಿಲು ಕಾಣುತ್ತಿತ್ತು. ಶತ್ರುವಿನ ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಾರದು ಅಂತ ಹಾಗೆ ಕಟ್ಟಿದ್ದಾರೆ ಎಂದು ಅಪ್ಪ ಹೇಳುತ್ತಿದ್ದ. ಗೋಡೆಯ ಕೆಳಗೆ ಎತ್ತಿನ ಗಾತ್ರದ ಕಲ್ಲುಗಳು. ಗಾರೆ ಹಾಕದೆ, ಸಂದಿಗೆ ಚಕ್ಕೆ ಕಲ್ಲು ತುರುಕಿ ಕೂರಿಸಿದ್ದರು. ಮೇಲೆ ಇಟ್ಟಿಗೆಯ ಮೋಟುಗೋಡೆ, ಅದರ ತುಂಬ ಬಂದೂಕಿನ ಕಿಂಡಿಗಳು. ಬಾಗಿಲ ಒಳಗೆ ಎರಡೂ ಬದಿಯಲ್ಲಿ ಕಾವಲಿನವರು ಕೂರುವ ಕಟ್ಟೆ ಇತ್ತು. ಎಡಗಡೆ ಕಟ್ಟೆಯಲ್ಲಿ ಒಂದು ಚಪ್ಪಡಿ ಮಾತ್ರ ಇರಲಿಲ್ಲ. ಅದು ಎಲ್ಲಿದೆ ಅಂತ ನನಗೆ ಗೊತ್ತಿತ್ತು. ನಮ್ಮ ಮನೆಯ ಜಗಲಿಯಲ್ಲಿತ್ತು.

ನಮ್ಮಲ್ಲಿ ಅದೊಂದು ಪದ್ಧತಿ. ಯಾರೇ ಮನೆ ಕಟ್ಟಿದರೂ ಕೋಟೆಯ ಕಲ್ಲು ಒಂದಾದರೂ ತಂದು ಹಾಕಬೇಕು, ಮನೆ ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವ ನಂಬಿಕೆ. ಪಕ್ಕದ ಮನೆಯ ಮಾವನಿಗೆ ಅದು ಬಚ್ಚಲ ಕಲ್ಲು, ಇನ್ನೊಬ್ಬರಿಗೆ ಮೆಟ್ಟಿಲು. ಅದು ಕಳ್ಳತನ ಅಂತ ಯಾರಿಗೂ ಅನ್ನಿಸಿರಲಿಲ್ಲ. ನಮ್ಮ ಚಪ್ಪಡಿಯನ್ನು ತಾತ ತಂದಿದ್ದನಂತೆ.

ಬೇಸಿಗೆ ಬಂದರೆ ಅಮ್ಮ ಆ ಚಪ್ಪಡಿಯ ಮುಂದೆ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ಹಣ್ಣನ್ನು ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಒಂದು ಏಟು ಕೊಟ್ಟರೆ ಬೀಜ ಟಣ್ಣನೆ ಹಾರಿ ನಮ್ಮ ಮೊಣಕಾಲಿಗೆ ಬಡಿಯುತ್ತಿತ್ತು. ಅಜ್ಜಿಯ ಕಾಲದಿಂದ ಕುಟ್ಟಿ ಕುಟ್ಟಿ ಅಲ್ಲಿ ಅಂಗೈಯಷ್ಟು ಗುಳಿ ಬಿದ್ದಿತ್ತು. ಅಮ್ಮ ಅದನ್ನು ಇನ್ನಷ್ಟು ಆಳ ಮಾಡಿದ್ದಳು. ನುಣ್ಣಗೆ, ಕಪ್ಪಗೆ, ಮಿರಿಮಿರಿ ಮಿನುಗುವ ಗುಳಿ. ನನಗೆ ಎಂಟು ವರ್ಷವಾದಾಗ ಅಮ್ಮ ಜ್ವರ ಬಂದು ತೀರಿಕೊಂಡಳು. ಆಮೇಲೆ ಕುಟ್ಟಲು ಅಕ್ಕ ಕೂತಳು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ನಾನು ಆ ಗುಳಿಯಲ್ಲಿ ಕೆನ್ನೆ ಇಟ್ಟು ಮಲಗುತ್ತಿದ್ದೆ. ತಣ್ಣಗಿರುತ್ತಿತ್ತು. ಹುಳಿಯ ವಾಸನೆ ಬರುತ್ತಿತ್ತು, ಅಮ್ಮನ ಕೈಯಿಂದ ಬರುತ್ತಿದ್ದ ಹಾಗೆಯೇ.

ಮರುವರ್ಷ ಒಂದು ದಿನ ಬೆಳಗ್ಗೆ ಊರಿಗೆ ಜೀಪು ಬಂತು. ಇಳಿದವರು ಸರಪಳಿ ಹಿಡಿದು ಬೆಟ್ಟದ ಸುತ್ತ ಅಳೆದರು, ಎಲ್ಲೆಗೆ ಸುಣ್ಣ ಬಳಿದ ಕಲ್ಲು ನೆಟ್ಟರು, ಕೊನೆಗೆ ಒಂದು ನೀಲಿ ಬೋರ್ಡು ನಿಲ್ಲಿಸಿ ಹೊರಟುಹೋದರು. ಬೋರ್ಡಿನ ಮೇಲಿದ್ದ ತಮಿಳನ್ನು ಸ್ಕೂಲಿನ ವಾದ್ಯಾರರು ಓದಿ ಹೇಳಿದರು. ಕೋಟೆ ಇನ್ನು ಕಾನೂನಿನ ರಕ್ಷಣೆಯಲ್ಲಿದೆ. ಅದನ್ನು ಕೆಡವಿದವರಿಗೆ, ಕಲ್ಲು ಸಾಗಿಸಿದವರಿಗೆ ಜೈಲು.

ಊರಿಗೆ ಊರೇ ಹೆದರಿತು. ತಾತ ಮುತ್ತಾತ ತಂದಿದ್ದಕ್ಕೂ ನಮ್ಮನ್ನೇ ಹಿಡಿಯುತ್ತಾರೆ ಎಂದುಕೊಂಡರು ಎಲ್ಲರೂ. ಮಧ್ಯಾಹ್ನದ ಹೊತ್ತಿಗೆ ಮಾವ ಬಚ್ಚಲು ಕಿತ್ತ. ಅವನ ಹಿಂದೆ ಒಬ್ಬೊಬ್ಬರಾಗಿ ಮೆಟ್ಟಿಲು, ಹೊಸ್ತಿಲು ಎಲ್ಲ ಎಬ್ಬಿಸಿ ಕೋಟೆಗೆ ವಾಪಸು ಹೊತ್ತರು. ಅಪ್ಪ ಹಾರೆ ತಂದು ಜಗಲಿಗೆ ಹಾಕಿದಾಗ ಅಕ್ಕ ಚಪ್ಪಡಿಯ ಮೇಲೆ ಕೂತುಬಿಟ್ಟಳು.

"ಇದು ಕೋಟೆ ಕಲ್ಲಲ್ಲಪ್ಪ, ಅಮ್ಮನ ಕಲ್ಲು" ಎಂದಳು.

ಅಪ್ಪ ಬೈಯಲಿಲ್ಲ. ಹಾರೆಯನ್ನು ಗೋಡೆಗೆ ಒರಗಿಸಿದ. ಆಮೇಲೆ, "ಅಮ್ಮಂದೇ ಕಣಮ್ಮಿ. ಅದುನ್ನ ಯಾವ ಕಾಗದದಾಗೆ ತೋರ್ಸಾನ? ನನ್ನ ಜೈಲಿಗಾಕುದ್ರೆ ನಿಮ್ಮಿಬ್ರುನ್ನ ಯಾರು ನೋಡ್ಕಂತಾರೆ?" ಎಂದ. ಅಕ್ಕ ಎದ್ದಳು.

ನಾಲ್ಕು ಜನ ಬೊಂಬಿಗೆ ಹಗ್ಗ ಕಟ್ಟಿ ಚಪ್ಪಡಿ ಹೊತ್ತರು. ನಾನೂ ಅಕ್ಕನೂ ಹಿಂದೆಯೇ ಹತ್ತಿದೆವು. ಕಟ್ಟೆಯ ಸಂದಿಗೆ ಅದನ್ನು ಇಳಿಸಿದರೆ ಕೂದಲು ತೂರದ ಹಾಗೆ ಕೂತುಕೊಂಡಿತು. ಹೊತ್ತವರೆಲ್ಲ ಭಲೇ ಎಂದರು. ನನಗೆ ಮಾತ್ರ ಆ ಕಲ್ಲಿನ ಮೇಲೆ ಸಿಟ್ಟು ಬಂತು. ನಮ್ಮ ಮನೆಯಲ್ಲಿ ಅಷ್ಟು ವರ್ಷ ಇದ್ದದ್ದು ಒಂದೇ ಗಳಿಗೆಯಲ್ಲಿ ನಮ್ಮನ್ನು ಮರೆತುಬಿಟ್ಟಿತಲ್ಲ ಅನ್ನಿಸಿತು.

ಎರಡು ದಿನ ಬಿಟ್ಟು, ಜೀಪಿನಲ್ಲಿ ಬಂದಿದ್ದ ಆಫೀಸರು ಮತ್ತೆ ಬಂದು ಕಟ್ಟೆ, ಗೋಡೆ ಎಲ್ಲ ನೋಡಿ ತಲೆಯ ಮೇಲೆ ಕೈ ಹೊತ್ತರು. ಕಾನೂನು ಇನ್ನು ಮುಂದಕ್ಕೆ, ಹಿಂದೆ ಒಯ್ದದ್ದನ್ನು ನಿಮ್ಮಿಂದ ಯಾರು ಕೇಳಿದರು ಎಂದರು. ಹಾಗಾದರೆ ನಮ್ಮ ಒಂದು ಚಪ್ಪಡಿ ವಾಪಸು ಒಯ್ಯಬಹುದೇ ಎಂದು ಅಪ್ಪ ತನ್ನ ಹರುಕು ತಮಿಳಿನಲ್ಲಿ ಕೇಳಿದ. ಆಫೀಸರು ಒಳ್ಳೆಯವರೇ. ತಮ್ಮ ಕಾಗದಗಳನ್ನೆಲ್ಲ ತಿರುವಿ ನೋಡಿದರು. ಈಗ ಅದು ಎಲ್ಲೆಯ ಒಳಗೆ ಬಂದಿದೆ, ಹೊರಗೆ ತಂದರೆ ಅದೇ ಅಪರಾಧ ಎಂದರು. ಆ ಬೇಸಿಗೆ ಅಕ್ಕ ಬರೀ ನೆಲದ ಮೇಲೆ ಹುಣಸೆ ಕುಟ್ಟಿದಳು. ಹಣ್ಣಿನ ತುಂಬ ಮಣ್ಣು.

ಮಕ್ಕಳೇ, ನಿಮ್ಮ ಮನೆಗೆ ಹುಣಸೆ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಬೀಜವೇ ಇರುವುದಿಲ್ಲ. ನಿಮ್ಮ ಅಮ್ಮಂದಿರ ಫೋಟೊ ಫೋನಿನ ತುಂಬ ಇದೆ. ನನ್ನ ಅಮ್ಮನದು ಒಂದೂ ಇಲ್ಲ. ನಮ್ಮ ಮನೆ ಇದ್ದ ಜಾಗದ ಮೇಲೆ ಈಗ ದೊಡ್ಡ ರಸ್ತೆ ಹೋಗಿದೆ. ಜಗಲಿ, ಒಲೆ, ಹಿತ್ತಲ ಹುಣಸೆಮರ ಎಲ್ಲ ಅದರ ಅಡಿಗೆ ಹೋದವು. ಚಪ್ಪಡಿ ಮನೆಯಲ್ಲೇ ಇದ್ದಿದ್ದರೆ ಅದೂ ಹೋಗುತ್ತಿತ್ತು.

ಹೋದ ತಿಂಗಳು ನಿಮ್ಮನ್ನೆಲ್ಲ ಕರೆದುಕೊಂಡು ಕೋಟೆ ಹತ್ತಿದೆನಲ್ಲ, ಅಲ್ಲಿ ಕಾವಲಿನ ಹುಡುಗ ಆ ಗುಳಿ ತೋರಿಸಿ, ಸಿಪಾಯಿಗಳು ಕತ್ತಿ ಮಸೆದ ಜಾಗ ಎಂದ. ನಾನು ಬಗ್ಗಿ ಕೈ ಚಾಚಿದೆ. "ತೊಡಾದೀಂಗಮ್ಮಾ" ಎಂದ. ಮುಟ್ಟಬೇಡಿ ಅಂತ. ನೀವೆಲ್ಲ ನಕ್ಕಿರಿ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಆ ಹುಡುಗ ಬಂದವರಿಗೆ ಕತ್ತಿಯ ಕಥೆಯನ್ನೇ ಹೇಳಲಿ, ಯಾರೂ ಮುಟ್ಟದ ಹಾಗೆ ಆ ಕಲ್ಲನ್ನು ನೋಡಿಕೊಂಡರೆ ಸಾಕು. ನನ್ನೊಬ್ಬಳನ್ನು ಮಾತ್ರ ಒಂದು ಸಲ ಮುಟ್ಟಲು ಬಿಡಬಹುದಿತ್ತು.