ಕಾಲಿನಿಂದ ತೆಗೆದ ಸ್ಯಾಂಪಲ್

ಎಡ ಮೊಣಕಾಲಿನ ಕೆಳಗೆ ಒಂದು ಕಪ್ಪು ಗಂಟು. ಮೊದಲು ಕಡಲೆಬೇಳೆಯಷ್ಟಿತ್ತು. ಜಿಗಣೆ ಕಚ್ಚಿದ ಗಾಯ ಅಂದುಕೊಂಡೆ. ಹೆಗ್ಗದ್ದೆಯ ಕಾಫಿ ಎಸ್ಟೇಟಿನಲ್ಲಿ ನಲವತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದವನಿಗೆ ಜಿಗಣೆ ಯಾವ ಲೆಕ್ಕ? ಎಲ್ಲರೂ ಮಾಡುವಂತೆ ಹೊಗೆಸೊಪ್ಪಿಗೆ ಸುಣ್ಣ ಸೇರಿಸಿ ತಿಕ್ಕಿದೆ. ತುರಿಸಿದಾಗಲೆಲ್ಲ ತಿಕ್ಕಿದೆ. ವರ್ಷವಿಡೀ ತಿಕ್ಕಿದೆ. ಅದು ಬೆಳೆಯಿತು. ಯಾರಾದರೂ ಕೇಳಿದರೆ, ಕಾಳಿಂಗ ಸರ್ಪ ಕಚ್ಚಿ ಹಲ್ಲು ಮುರಿದುಕೊಂಡ ಜಾಗ ಎನ್ನುತ್ತಿದ್ದೆ. ಕೂಲಿಯವರ ಲೈನ್ ಮನೆಯ ಇಬ್ಬರು ಹೆಂಗಸರು ನನ್ನ ಕಾಲಿಗೆ ಕೈಮುಗಿದಿದ್ದೂ ಉಂಟು.

ಒಂದು ಬೆಳಿಗ್ಗೆ ಅದರಿಂದ ರಕ್ತ ಬಂತು.

"ನಿಮ್ಮಣ್ಣಂಗೂ ಅಂಗಾಲಲ್ಲಿ ಹಿಂಗೇ ಶುರುವಾಗಿದ್ದು ಕಣ್ರೀ. ಎರಡು ವರ್ಷಕ್ಕೆ ಹೋಗ್ಬುಟ್ರು," ಅಂದಳು ಹೆಂಡತಿ ಸಾವಿತ್ರಿ. "ಏಳಿ ಮೇಲೆ, ಹಾಸನಕ್ಕೆ ಹೋಗನ."

ಅಣ್ಣನಿಗೆ ಆಗಿದ್ದು ಚರ್ಮದ ಕ್ಯಾನ್ಸರ್.

ಹಾಸನದ ಆಸ್ಪತ್ರೆಯ ಡಾಕ್ಟರ್ ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು. "ಬಯಾಪ್ಸಿ ಮಾಡ್ಬೇಕು ತಾತ. ಬರೀ ಕಣ್ಣಲ್ಲಿ ನೋಡಿ ಕ್ಯಾನ್ಸರ್ ಹೌದೋ ಅಲ್ವೋ ಹೇಳಕ್ಕಾಗಲ್ಲ." ಪೆನ್ನಿನಂಥ ಒಂದು ಕಡ್ಡಿ ತೋರಿಸಿದಳು. ತುದಿಯಲ್ಲಿ ದುಂಡನೆಯ ಅಲಗು. ಅದನ್ನು ಚರ್ಮಕ್ಕೆ ಒತ್ತಿ ತಿರುಗಿಸಿ ಚೂರು ತೆಗೆಯುತ್ತಾರಂತೆ.

ಅರೆ, ಇದು ನಮ್ಮದೇ ಕಸುಬು! ಕಾಫಿ ಕೊಳ್ಳಲು ಬಂದವನು ಮೂಟೆಗೆ ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ಬೀಜ ಸೆಳೆಯುತ್ತಾನೆ. ಅಷ್ಟರ ಮೇಲೆ ಇಡೀ ಮಾಲಿನ ಹಣೆಬರಹ. ಯಾವನು ಎಲ್ಲಿ ಚುಚ್ಚುತ್ತಾನೆಂದು ನನಗೆ ಗೊತ್ತಿರುತ್ತಿತ್ತು. ಅಲ್ಲಿಗೆ ಒಳ್ಳೆ ಬೀಜ, ಮೂಟೆಯ ಹೊಟ್ಟೆಗೆ ಕೆಟ್ಟ ಕರಿಬೀಜ. ನಲವತ್ತು ವರ್ಷದಲ್ಲಿ ಒಬ್ಬನೂ ನನ್ನನ್ನು ಹಿಡಿಯಲಿಲ್ಲ.

ಗಂಟಿನ ಪಕ್ಕದ ನುಣ್ಣನೆಯ ಚರ್ಮ ತೋರಿಸಿದೆ. "ಇಲ್ಲಿ ತಗೋ ತಾಯಿ, ಇಲ್ಲಿ ಚೆನ್ನಾಗೈತೆ."

"ಕಾಫಿ ಯಾಪಾರಿಗೆ ಟೋಪಿ ಹಾಕ್ದಂಗೆ ಅನ್ಕೊಂಡ್ರಾ?" ಸಾವಿತ್ರಿ ಸಿಡಿದಳು. "ಡಾಕ್ಟ್ರಮ್ಮ, ಇವ್ರು ತೋರ್ಸಿದ ಕಡೆ ಮಾತ್ರ ತಗೋಬೇಡಿ!"

ಡಾಕ್ಟರ್ ನಗಲಿಲ್ಲ. "ನಿಮಗೆ ಒಳ್ಳೆ ರಿಪೋರ್ಟ್ ಬೇಕಾ ತಾತ, ನಿಜವಾದ ರಿಪೋರ್ಟ್ ಬೇಕಾ?"



ಎಲ್ಲಕ್ಕಿಂತ ಕೆಟ್ಟದಾಗಿದ್ದ ಜಾಗದ ಮೇಲೆ ನಾನೇ ಬೆರಳಿಟ್ಟೆ.

ರಕ್ತ ತೆಳುವಾಗುವ ಮಾತ್ರೆ ನುಂಗುತ್ತೀರಾ ಎಂದು ಕೇಳಿದಳು. ಇಲ್ಲ ಅಂದೆ. ಮರಗಟ್ಟಿಸುವ ಇಂಜೆಕ್ಷನ್ ಚಿಗಳಿ ಇರುವೆ ಕಚ್ಚಿದಂತೆ ಉರಿಯಿತು. ಆಮೇಲೆ ಆ ಕಾಲು ಬೇರೆ ಯಾರದೋ. ಒತ್ತಿದ್ದು ತಿಳಿಯಿತು, ನೋವು ತಿಳಿಯಲಿಲ್ಲ. ಒಂದು ಹೊಲಿಗೆ. ಪುಟ್ಟ ಬಾಟಲಿಯ ನೀರಿನಂಥ ಔಷಧಿಯಲ್ಲಿ ಮೆಣಸಿನ ಕಾಳಿನಷ್ಟು ದೊಡ್ಡ ಚೂರು ಮುಳುಗಿತ್ತು. ಅದನ್ನು ಕಾಗದಕ್ಕಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಪದರ ಪದರವಾಗಿ ಓದುತ್ತಾರಂತೆ. ಎಪ್ಪತ್ತೆರಡು ವರ್ಷ ಬಿಸಿಲು, ಮಳೆ, ಮುಳ್ಳು ತಾಗಿದ ಈ ಚರ್ಮದಲ್ಲಿ ಅಷ್ಟೊಂದು ಪದರಗಳಿವೆ ಎಂದು ಅದನ್ನು ಹೊದ್ದವನಿಗೇ ಗೊತ್ತಿರಲಿಲ್ಲ. ಬಾಟಲಿಯನ್ನು ನೋಡುತ್ತಲೇ ಕೂತೆ. ಊರಿಗೆಲ್ಲ ಸುಳ್ಳು ಹೇಳಿದವನ ಮೈಯ ಒಂದು ಚೂರಿಗೆ ಸುಳ್ಳು ಹೇಳಲು ಬರುವುದಿಲ್ಲ.

ರಿಪೋರ್ಟಿಗೆ ಹತ್ತು ದಿನ. ಆ ಹತ್ತು ದಿನ ನಾನು ಯಾರಿಗೂ ಕೀಟಲೆ ಮಾಡಲಿಲ್ಲ. "ಒಂದು ಸುಳ್ಳಾದ್ರೂ ಹೇಳ್ರೀ, ಮನೆ ಬಿಕೋ ಅಂತೈತೆ," ಅಂದಳು ಸಾವಿತ್ರಿ. ಆಗಲಿಲ್ಲ.

ಕ್ಯಾನ್ಸರ್ ಅಲ್ಲ.

ಸುಣ್ಣ ಸುಟ್ಟು, ಉಜ್ಜಿ ಉಜ್ಜಿ ಚರ್ಮ ದಪ್ಪಗಟ್ಟಿದೆಯಂತೆ. ಕಾಯಿಲೆ ಮಾಡಿಕೊಂಡವನು ನಾನೇ. "ಮುಲಾಮು ಹಚ್ಚಿ, ಕೆರೀಬೇಡಿ. ಮತ್ತೆ ರಕ್ತ ಬಂದ್ರೆ ತಕ್ಷಣ ಬನ್ನಿ," ಎಂದು ಡಾಕ್ಟರ್ ಹೊಲಿಗೆ ಬಿಚ್ಚಿದಳು. ಬಗ್ಗಿ ನೋಡಿದೆ. ತೂತು ಮುಚ್ಚಿ ತೆಳ್ಳನೆಯ ಹೊಸ ಚರ್ಮ ಬಂದಿತ್ತು. ಅದಕ್ಕೆ ಬಾ ಎಂದು ಯಾರೂ ಹೇಳಿರಲಿಲ್ಲ. ನಾನು ಹೆದರಿ ಕೂತಿದ್ದ ಅಷ್ಟೂ ದಿನ ಅದು ತನ್ನ ಪಾಡಿಗೆ ಕೆಲಸ ಮಾಡಿಕೊಂಡಿತ್ತು.

ಈಗಲೂ ತುರಿಸುತ್ತದೆ. ಕೈ ಅತ್ತ ಹೋಗುತ್ತದೆ. ಅರ್ಧ ದಾರಿಯಲ್ಲಿ ನಿಲ್ಲಿಸುತ್ತೇನೆ.