ವಾಲ್ಡೆಮಾರ್ ಹೇಳಲಾರದ ಹೌದು

ನನ್ನ ಅಣ್ಣ ವಾಲ್ಡೆಮಾರ್ ಪೈಸಾಂಡು ಎಂಬ ಊರಿನಲ್ಲಿ ಕ್ಷೌರದಂಗಡಿ ಇಟ್ಟವನು. ಬಾಯಿ ಮುಚ್ಚಿಕೊಂಡು ಒಂದು ತಲೆಗೂ ಕತ್ತರಿ ಆಡಿಸಿದವನಲ್ಲ. ದೇವರಿಲ್ಲ ಎನ್ನುವುದು ನಮ್ಮ ಮನೆಯಲ್ಲಿ ಹೊಸ ಮಾತೇನಲ್ಲ, ಅಜ್ಜ ಇಟಲಿಯಿಂದ ಹಡಗು ಹತ್ತುವಾಗಲೇ ಅದನ್ನು ಗಂಟು ಕಟ್ಟಿಕೊಂಡು ಬಂದಿದ್ದ. ಅಣ್ಣ ಅದಕ್ಕೆ ತನ್ನದೂ ಒಂದು ಸೇರಿಸಿದ: ಮನುಷ್ಯನಿಗೆ ಸ್ವಂತ ಇಚ್ಛೆ ಎಂಬುದೂ ಇಲ್ಲ. ಹುಟ್ಟಿದ ಮನೆ, ಅಪ್ಪನ ಏಟು, ಅಮ್ಮನ ಮುದ್ದು, ಬೆಳಿಗ್ಗೆ ತಿಂದದ್ದು, ಇವೆಲ್ಲ ಸೇರಿ ನಮ್ಮನ್ನು ತಳ್ಳುತ್ತವೆ, ನಾವು ನಡೆದೆವು ಅಂದುಕೊಳ್ಳುತ್ತೇವೆ. ಇದು ಅವನ ಸಿದ್ಧಾಂತ. ಇಷ್ಟು ಹೇಳುವವನು ಭಾನುವಾರ ಯಾವ ಅಂಗಿ ಹಾಕಿಕೊಳ್ಳಲಿ ಎಂದು ಕನ್ನಡಿಯ ಮುಂದೆ ಅರ್ಧ ಬೆಳಿಗ್ಗೆ ಕಳೆಯುತ್ತಿದ್ದ.

ನಾನು ನಿಡಿಯಾ, ಅವನ ತಂಗಿ. ಯಾವ ಕಡೆಗೂ ಸೇರಿದವಳಲ್ಲ. ಹಲ್ಲು ನೋವು ಬಂದರೆ ಮೇಣದಬತ್ತಿ ಹಚ್ಚುತ್ತೇನೆ, ನೋವು ಹೋದರೆ ಮರೆತುಬಿಡುತ್ತೇನೆ.

ಅಂಗಡಿಯ ಎದುರಿಗೇ ಚರ್ಚು. ಅಲ್ಲಿನ ಫಾದರ್ ನಿಕಾಸಿಯೋ ಗಡ್ಡ ತೆಗೆಸಿಕೊಳ್ಳಲು ಬರುತ್ತಿದ್ದುದು ಇವನ ಹತ್ತಿರವೇ. ಮಾಂಸ ಮುಟ್ಟಬಾರದ ಗುಡ್ ಫ್ರೈಡೇ ದಿನ, ಊರೆಲ್ಲ ಆ ವಾರವೇ ನಡೆಯುವ ಬಿಯರ್ ಹಬ್ಬದಲ್ಲಿ ಕುಡಿಯುತ್ತಿದ್ದರೆ ಅಣ್ಣ ಅಂಗಡಿಯ ಮುಂದೆ ಕೆಂಡ ಹಾಕಿ ಮಾಂಸ ಸುಡುತ್ತಿದ್ದ, ಹೊಗೆ ನೇರವಾಗಿ ಚರ್ಚಿನ ಮೆರವಣಿಗೆಯ ಮೂಗಿಗೆ. ಸೋಮವಾರ ಫಾದರ್ ಬಂದು ಕುರ್ಚಿಯಲ್ಲಿ ಕೂತು ಕತ್ತು ಚಾಚುತ್ತಿದ್ದರು.

"ಈಗ ಕತ್ತಿ ಜಾರಿದ್ರೆ ನನ್ನ ತಪ್ಪಲ್ಲ, ಫಾದರ್. ಹಿಂದಿನ ಕಾರಣಗಳು."

"ನಿಧಾನಕ್ಕೆ ಎಳೀರಿ. ಕಾರಣಗಳಿಗೆ ಕೈ ನಡುಗುತ್ತೆ."

ಒಮ್ಮೆ ಅಣ್ಣನ ಸೈಕಲ್ ಕಳುವಾಯಿತು. ಕಳ್ಳನ ಏಳು ತಲೆಮಾರನ್ನೂ ಬೈದು ಮುಗಿಸಿದ. ಫಾದರ್ ಮುಖಕ್ಕೆ ನೊರೆ ಹಚ್ಚಿಸಿಕೊಂಡೇ ಕೇಳಿದರು, "ಪಾಪ, ಅವನಿಗೆ ಸ್ವಂತ ಇಚ್ಛೆ ಇಲ್ವಲ್ಲ, ಯಾಕೆ ಬೈತೀರಿ?"

"ಬೈಯೋದೂ ನನ್ನ ಕೈಲಿಲ್ಲ," ಅಂದ ಅಣ್ಣ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಫಾದರ್ ನಗಲು ಹೋಗಿ ಬಾಯಿಗೆ ಸೋಪು ತುಂಬಿಕೊಂಡರು.

ಇಂಥವನು ಅರವತ್ತು ದಾಟಿದ ಮೇಲೆ ಪ್ರೀತಿಯಲ್ಲಿ ಬಿದ್ದ, ಅದೂ ದಿನಾ ಚರ್ಚಿಗೆ ಹೋಗುವ ಎರ್ಮಿನಿಯಾಳ ಪ್ರೀತಿಯಲ್ಲಿ. ಆಕೆ ವಿಧವೆ, ಚರ್ಚಿನ ಹೂಗಳನ್ನು ನೋಡಿಕೊಳ್ಳುವವಳು. ಮಳೆ ಬಂದ ದಿನ ನಮ್ಮಲ್ಲಿ ಹಿಟ್ಟು ನಾದಿ ಕೊಬ್ಬಿನಲ್ಲಿ ರೊಟ್ಟಿ ಕರಿಯುತ್ತೇವೆ. ಒಂದು ಮಳೆಗೆ ಆಕೆ ಬಿಸಿ ರೊಟ್ಟಿ ತಂದು ಅಂಗಡಿಯಲ್ಲಿ ಕೊಟ್ಟಳು. ಮುಂದಿನ ಮಳೆಗೂ ತಂದಳು. ಆಮೇಲೆ ಅಣ್ಣ ಮೋಡ ನೋಡುತ್ತಾ ಬಾಗಿಲಲ್ಲಿ ನಿಲ್ಲತೊಡಗಿದ. ನಾನು ಛೇಡಿಸಿದರೆ, "ಮಳೆ ಬಂತು, ಅವರು ಕರಿದರು, ನಾನು ತಿಂದೆ. ಇದರಲ್ಲಿ ನನ್ನದೇನಿದೆ?" ಎನ್ನುತ್ತಿದ್ದ. ಅವನ ಮುಖ ಮಾತ್ರ ಬೇರೆ ಹೇಳುತ್ತಿತ್ತು.

ಎರ್ಮಿನಿಯಾಳ ಲೆಕ್ಕವೂ ಸರಿಯಿರಲಿಲ್ಲ ಅನ್ನಿ. ದೇವರು ಮನುಷ್ಯನಿಗೆ ಆಯ್ಕೆ ಕೊಟ್ಟಿದ್ದಾನೆ ಎಂದು ಅವನೊಡನೆ ವಾದ ಮಾಡುವಳು, ಬಸ್ಸು ತಪ್ಪಿದರೆ ದೇವರ ಇಚ್ಛೆ ಎಂದು ಬೆಂಚಿನ ಮೇಲೆ ಕೂರುವಳು. ಇಬ್ಬರೂ ಜೋಡಿಯೇ.

ಮದುವೆ ಗೊತ್ತಾಯಿತು. ಮೊದಲು ಸರ್ಕಾರಿ ಕಚೇರಿ, ಅದಕ್ಕೆ ಅಣ್ಣನ ತಕರಾರಿಲ್ಲ. ಆಮೇಲೆ ಚರ್ಚು, ಅದು ಎರ್ಮಿನಿಯಾಳ ಹಟ. ಅದಕ್ಕೂ ಒಪ್ಪಿದ. ನಾಸ್ತಿಕನಿಗೆ ಚರ್ಚಿನಲ್ಲಿ ಮದುವೆ ಮಾಡಿಸಲು ಬಿಷಪ್ಪರಿಂದ ಅನುಮತಿ ಬಂತು, ಅವನು ದೇವರನ್ನು ನಂಬಬೇಕಾಗಿಯೂ ಇರಲಿಲ್ಲ. ಎಲ್ಲ ಸಲೀಸಾಯಿತು ಎನ್ನುವಷ್ಟರಲ್ಲಿ ಫಾದರ್ ನಮ್ಮ ಅಡುಗೆಮನೆಯಲ್ಲಿ ಕೂತು ಮದುವೆಯ ವಿಧಿಯನ್ನು ಓದಿ ತೋರಿಸಿದರು. ಮೊದಲ ಪ್ರಶ್ನೆಯೇ ಇದು: ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಬಂದಿದ್ದೀರಾ?

ಅಣ್ಣ ಕೈಯಲ್ಲಿದ್ದ ಲೋಟ ಕೆಳಗಿಟ್ಟ. "ಇದೊಂದನ್ನ ಬಿಟ್ಬಿಡಿ, ಫಾದರ್."

"ಇದನ್ನ ಬಿಟ್ರೆ ಮದುವೆನೇ ಇಲ್ಲ. ಬೇರೆ ಬೇಕಾದ್ರೆ ಹಾಡು ಕಡಿಮೆ ಮಾಡ್ತೀನಿ."

"ನನಗಿಲ್ಲದ್ದನ್ನ ಇದೆ ಅಂತ ಹೆಂಗೆ ಹೇಳ್ಲಿ?"

ನನಗೆ ರೇಗಿಹೋಯಿತು. "ಅಣ್ಣಾ, ಬೋಳು ತಲೆಗೆಲ್ಲ 'ಇನ್ನೂ ದಟ್ಟವಾಗಿದೆ' ಅಂತೀಯ. ಒಂದು ಹೌದು ಅನ್ನೋಕೆ ನಾಲಗೆ ಸವೆದುಹೋಗುತ್ತಾ?"

"ಅದು ಸಮಾಧಾನ ಕಣೇ. ಇದು ಸಾಕ್ಷಿ."

ಎರ್ಮಿನಿಯಾ ಮೇಜಿನ ಆಚೆ ಬದಿ ಕೂತಿದ್ದಳು. ಮೇಜಿನ ಬಟ್ಟೆಯ ಅಂಚನ್ನು ನೀವುತ್ತಾ ಹೇಳಿದಳು, "ವಾಲ್ಡೆಮಾರ್, ನಾನು ಚರ್ಚು ಯಾಕೆ ಕೇಳಿದೆ ಗೊತ್ತಾ? ಹದಿನೆಂಟು ವರ್ಷಕ್ಕೆ ನನ್ನನ್ನ ಅದೇ ಚರ್ಚಲ್ಲಿ, ಅದೇ ಜಾಗದಲ್ಲಿ ನಿಲ್ಲಿಸಿದ್ರು. ಅಪ್ಪ ಹಿಂದೇನೇ ನಿಂತಿದ್ರು. ಹುಡುಗ ಅವರೇ ಗೊತ್ತು ಮಾಡಿದ್ದು, ನನ್ನ ಒಂದು ಮಾತು ಕೇಳ್ಲಿಲ್ಲ. ಸ್ವಂತ ಇಚ್ಛೆಯಿಂದ ಬಂದಿದ್ದೀಯಾ ಅಂತ ಆಗಿನ ಪಾದ್ರಿ ಕೇಳಿದ್ರು. ನಾನು ಹೌದಂದೆ. ಗಂಡ ಕೆಟ್ಟವನೇನಲ್ಲ, ಸತ್ತಾಗ ಅತ್ತಿದ್ದೀನಿ. ಆದ್ರೆ ಆ ಹೌದು ಸುಳ್ಳು. ಅದೇ ಪ್ರಶ್ನೆನ ಇನ್ನೊಂದ್ಸಲ ನನಗೆ ಕೇಳ್ಬೇಕು, ನಾನು ನಿಜ ಹೇಳ್ಬೇಕು. ನಂಗೆ ಬೇಕಾಗಿರೋದು ಅಷ್ಟೇ."

ಅಣ್ಣ, "ಹಂಗಾದ್ರೆ ಹೇಳ್ಬಿಡ್ತೀನಿ ಬಿಡಿ, ಹೌದು ಅಂತ," ಅಂದ.

"ಬೇಡ," ಅಂದಳು. "ನನಗೋಸ್ಕರ ಸುಳ್ಳು ಹೇಳ್ಬೇಡಿ. ಆ ಜಾಗದಲ್ಲಿ ಒಂದು ಸುಳ್ಳು ಆಗಿದೆ, ಸಾಕು."

ಅಲ್ಲಿಗೆ ಎರಡು ಬಾಗಿಲೂ ಮುಚ್ಚಿದವು. ಸುಳ್ಳು ಹೇಳಿದರೆ ಆಕೆ ಒಲ್ಲಳು, ನಿಜ ಹೇಳಿದರೆ ಫಾದರ್ ಮದುವೆ ಮಾಡಿಸಲಾರರು. ಆಮೇಲಿನ ದಿನಗಳಲ್ಲಿ ಅಣ್ಣ ಅಂಗಡಿಯಲ್ಲಿ ಮಾತೇ ಆಡಲಿಲ್ಲ. ಟಪಾಲಿನವನ ಕಿವಿಗೆ ಕತ್ತರಿ ತಾಗಿಸಿದ. ಗಿರಾಕಿಗಳು ಮಾತ್ರ ಖುಷಿಯಾಗಿದ್ದರು, ಅವನು ಹೌದನ್ನುತ್ತಾನೋ ಇಲ್ಲವೋ ಎಂದು ಬಿಯರ್ ಪಂಥ ಕಟ್ಟಿಕೊಂಡಿದ್ದರು. ನಾನು ಆ ವಾರ ಹಲ್ಲು ನೋವಿಲ್ಲದೆಯೇ ಮೇಣದಬತ್ತಿ ಹಚ್ಚಿದೆ.

ಮದುವೆಯ ದಿನ ಚರ್ಚು ತುಂಬಿತ್ತು. ಹುಟ್ಟಿದಾಗಿನಿಂದ ಹೊಸ್ತಿಲು ದಾಟದ ನಾಸ್ತಿಕರೆಲ್ಲ ಮುಂದಿನ ಬೆಂಚು ಹಿಡಿದು ಕೂತಿದ್ದರು. ದಿನಾ ಬರುವ ಮುದುಕಿಯರು ಹಿಂದೆ ನಿಂತು ಗೊಣಗುತ್ತಿದ್ದರು. ಎರ್ಮಿನಿಯಾ ನೀಲಿ ಉಡುಪಿನಲ್ಲಿ ಚೆಂದ ಕಾಣುತ್ತಿದ್ದಳು. ಅಣ್ಣ ತನ್ನ ಕತ್ತನ್ನು ತಾನೇ ಕ್ಷೌರ ಮಾಡಿಕೊಂಡು ಎರಡು ಕಡೆ ಗಾಯ ಮಾಡಿಕೊಂಡಿದ್ದ.

ಫಾದರ್ ಪ್ರಶ್ನೆ ಓದಿದರು. ಮುಂದಿನ ಬೆಂಚು ಪೂರ್ತಿ ಬಾಗಿತು.

"ಫಾದರ್," ಅಂದ ಅಣ್ಣ, "ಸ್ವಂತ ಇಚ್ಛೆ ಅನ್ನೋದು ನನಗೆ ಇದೆ ಅಂತ ನಾನು ನಂಬಲ್ಲ. ಹುಡುಕಿದೆ, ಸಿಗ್ಲಿಲ್ಲ. ಅದು ನಿಮಗೂ ಗೊತ್ತು, ಇವರಿಗೂ ಗೊತ್ತು." ಇಷ್ಟು ಹೇಳಿ ನಿಂತ. "ಆದ್ರೆ ಅಂಥದ್ದೊಂದು ಇದ್ದಿದ್ರೆ, ಯಾರಾದ್ರೂ ಅದನ್ನ ತಂದು ಇವತ್ತು ಬೆಳಿಗ್ಗೆ ನನ್ನ ಕೈಲಿಟ್ಟು, ತಗೋ, ಎಲ್ಲಿಗೆ ಬೇಕಾದ್ರೂ ಹೋಗು ಅಂದಿದ್ರೆ, ನಾನು ಇಲ್ಲಿಗೇ ಬರ್ತಿದ್ದೆ. ಇವರ ಪಕ್ಕಕ್ಕೇ."

ಫಾದರ್ ಪುಸ್ತಕ ನೋಡಿದರು, ಅವನನ್ನು ನೋಡಿದರು, ಮತ್ತೆ ಪುಸ್ತಕ ನೋಡಿದರು. "ವಾಲ್ಡೆಮಾರ್, ಇಲ್ಲಿ ಬರೆದಿರೋ ಉತ್ತರ ಇದಲ್ಲ."

ಎರ್ಮಿನಿಯಾ ಅವನ ತೋಳು ಹಿಡಿದುಕೊಂಡಳು. "ಹೋದ ಸಲ ನಾನು ಕೊಟ್ಟಿದ್ದು ಅಲ್ಲಿ ಬರೆದಿರೋ ಉತ್ತರಾನೇ, ಫಾದರ್."

ಫಾದರ್ ನಿಕಾಸಿಯೋ ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು. ಆಮೇಲೆ, "ಇದನ್ನ ಹೌದು ಅಂತಲೇ ತಗೋತೀನಿ," ಎಂದು ಆಕೆಯ ಕಡೆ ತಿರುಗಿದರು. "ಎರ್ಮಿನಿಯಾ, ನೀವು ಯಾರ ಒತ್ತಾಯವೂ ಇಲ್ಲದೆ..."

ಆಕೆ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು. ಅಂದು ಅಪ್ಪ ನಿಂತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. ಫಾದರ್ ವಾಕ್ಯ ಮುಗಿಸುವವರೆಗೂ ಕಾಯದೆ, "ಹೌದು," ಅಂದಳು.