ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತ ನಟಿ

ದೇವರನ್ನು ನೆನೆಯುವ ಅಣ್ಣಂದಿರೇ, ಅಕ್ಕಂದಿರೇ, ಕೈಯಲ್ಲಿರುವ ಕೆಲಸವನ್ನು ತುಸು ಹೊತ್ತು ಬದಿಗಿಟ್ಟು ಇತ್ತ ಕಿವಿಗೊಡಿ. ಬಣ್ಣ ಹಚ್ಚಿ ಬದುಕಿದ ಒಬ್ಬ ಹೆಣ್ಣುಮಗಳ ಕಥೆ ಇದು. ನಾಟಕದವಳೆಂದೊಡನೆ ಮೂಗು ಮುರಿಯುವವರು ಮುರಿಯಲಿ. ಮೇಲಿರುವವನ ಕಣ್ಣು ಮುಖದ ಬಣ್ಣದ ಮೇಲೆ ನಿಲ್ಲುವುದಿಲ್ಲ.

ಆಕೆ ನಾಟಕ ಕಂಪನಿಗೆ ಬಂದದ್ದು ತಾಯಿಯ ಬೆರಳು ಹಿಡಿದು. ಗಂಡನನ್ನು ಕಳೆದುಕೊಂಡ ತಾಯಿಗೆ ಅಲ್ಲಿ ವೇಷದ ಬಟ್ಟೆಗಳಿಗೆ ಇಸ್ತ್ರಿ ಹಾಕುವ, ಹರಿದದ್ದನ್ನು ಹೊಲಿಯುವ ಕೆಲಸ. ಮಗು ರಂಗದ ಪಕ್ಕದಲ್ಲಿ, ರಾಜರ ನಿಲುವಂಗಿಗಳ ರಾಶಿಯ ಮೇಲೆ ಕುಳಿತು ಆಟವೆಲ್ಲ ಕೇಳುತ್ತಿತ್ತು. ಕೇಳಿ ಕೇಳಿ ರಾಜ, ಮಂತ್ರಿ, ದ್ವಾರಪಾಲಕ, ಎಲ್ಲರ ಮಾತೂ ಅದಕ್ಕೆ ಬಾಯಿಪಾಠವಾಯಿತು. ಕಂಪನಿಯವರು ಅವಳನ್ನು 'ಗಿಣಿ' ಎಂದು ಕರೆದರು. ಆ ಹೆಸರೇ ನಿಂತಿತು.

ರಾಜನ ಪಾತ್ರ ಕಟ್ಟುತ್ತಿದ್ದ ಹಿರಿಯ ನಟನನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರು. ಗಿಣಿಗೆ ಮಾತು ಕಲಿಸಿದವನು ಅವನೇ.

"ಕೊನೇ ಬೆಂಚಿನಲ್ಲಿ ಒಬ್ಬಳು ಕಿವುಡಜ್ಜಿ ಕೂತಿದ್ದಾಳೆ ಅಂದ್ಕೋ ಮಗಳೇ. ಅವಳಿಗೆ ಕೇಳಿಸ್ಬೇಕು."

"ಮುಂದಿನ ಸಾಲಿನೋರಿಗೆ, ದೊಡ್ಡಪ್ಪ?"

"ಅವರು ದೊಡ್ಡ ಮನುಷ್ಯರು, ನಿದ್ದೆ ಮಾಡೋಕೆ ಬಂದಿರ್ತಾರೆ. ಅವರನ್ನ ಎಬ್ಬಿಸಿ ಪಾಪ ಕಟ್ಕೋಬೇಡ."

ತಾಯಿ ಜ್ವರದಲ್ಲಿ ಕಣ್ಣು ಮುಚ್ಚಿದಾಗ ಗಿಣಿಯನ್ನು ಕೈಹಿಡಿದು ಮನೆಗೆ ಕರೆತಂದವನೂ ಅವನೇ. ಅವನ ಹೆಂಡತಿ ದೊಡ್ಡಮ್ಮ ಬಾಯಿ ಜೋರಿನ ಹೆಂಗಸು. ಬೈಯುತ್ತಲೇ ತಲೆ ಬಾಚುತ್ತಿದ್ದಳು, ಬೈಯುತ್ತಲೇ ತನ್ನ ತಟ್ಟೆಯ ತುತ್ತನ್ನು ಹುಡುಗಿಯ ತಟ್ಟೆಗೆ ತಳ್ಳುತ್ತಿದ್ದಳು.

ಗಿಣಿ ಬೆಳೆದು ನಾಯಕಿಯಾದಳು. ಅವಳು ಮೇಲೇರುತ್ತಿದ್ದಂತೆ ದೊಡ್ಡಪ್ಪನ ನೆನಪು ಜಾರತೊಡಗಿತು. ಒಂದು ಬೆಳಗಿನ ತಾಲೀಮಿನಲ್ಲಿ ಅವನು ಮಾತಿನ ನಡುವೆಯೇ ನಿಂತುಬಿಟ್ಟ. ಕಂಪನಿಯ ಯಜಮಾನ ಹಗುರಾಗಿ ನಕ್ಕು, "ಏನು ಮಹಾರಾಜರೇ, ರಾಜ್ಯ ಮರೆತಿರೋ, ರಾಣೀನ ಮರೆತಿರೋ?" ಎಂದ. ಎಲ್ಲರೂ ನಕ್ಕರು, ದೊಡ್ಡಪ್ಪನೂ ನಕ್ಕ. ಆದರೆ ಮರದ ಕತ್ತಿಯ ಹಿಡಿಯ ಮೇಲೆ ಅವನ ಬೆರಳುಗಳು ಬಿಳಿಚಿಕೊಂಡಿದ್ದುದನ್ನು ಗಿಣಿ ಕಂಡಳು.

ಆ ದಿನ ಕನ್ನಡಿಯ ಮುಂದೆ ಕುಳಿತು ಅವನು ಹೇಳಿದ: "ಬಣ್ಣ ಇಳಿಸೋ ದಿನ ಬಂದ್ರೆ ನಾನೇ ಇಳಿಸ್ಕೋಬೇಕು ಮಗಳೇ. ಇನ್ನೊಬ್ಬರು ಕುತ್ತಿಗೆ ಹಿಡಿದು ಇಳಿಸಬಾರದು."

ಮುಂದಿನ ಆಟದಿಂದ ಗಿಣಿ ಅವನೆದುರು ನಿಲ್ಲುವಾಗಲೆಲ್ಲ ಮುಖವನ್ನು ಜನರಿಂದ ತುಸು ಮರೆಮಾಡಿಕೊಂಡು, ಅವನ ಮಾತನ್ನು ತಾನು ಸದ್ದಿಲ್ಲದೆ ತುಟಿಯಲ್ಲಾಡಿಸತೊಡಗಿದಳು. ಅವನು ಆ ತುಟಿಗಳನ್ನು ಓದಿ ಗುಡುಗುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಈ ವಿಷಯವಾಗಿ ಇಬ್ಬರ ನಡುವೆ ಎಂದೂ ಒಂದು ಮಾತು ಬರಲಿಲ್ಲ. ಗುರುವಿಗೆ ಕೇಳಲು ನಾಚಿಕೆ, ಶಿಷ್ಯೆಗೆ ಹೇಳಲು ಸಂಕೋಚ. ಬರಬರುತ್ತಾ ಅದು ಅವಳಿಗೆ ಉಸಿರಿನಷ್ಟೇ ಸಹಜವಾಯಿತು.

ಆಗ ಮಾತಾಡುವ ಚಿತ್ರಗಳ ಕಾಲ ಬಂತು. ನಾಟಕ ನೋಡಿಹೋದ ಒಬ್ಬ ನಿರ್ದೇಶಕ ಗಿಣಿಯನ್ನು ನಾಯಕಿಯ ಪಾತ್ರಕ್ಕೆ ಕರೆಸಿದ. "ನಿನ್ನ ಮುಖ ಇಷ್ಟೆತ್ತರಕ್ಕೆ ಪರದೆ ಮೇಲೆ ಕಾಣ್ಬೇಕಮ್ಮ. ಆಮೇಲೆ ನೋಡು, ನೀನು ಬೇಡ ಅಂದ್ರೂ ಜನ ಬಿಡಲ್ಲ," ಎಂದ. ಅವಳು ಕೇಳಿದ್ದು ಒಂದೇ: "ಅಪ್ಪನ ಪಾತ್ರಕ್ಕೆ ನಮ್ಮ ದೊಡ್ಡಪ್ಪನೇ ಇರಲಿ." ದೊಡ್ಡಪ್ಪ ಹೆಸರಾಂತ ನಟನಾದ್ದರಿಂದ ನಿರ್ದೇಶಕ ಸಂತೋಷದಿಂದ ಒಪ್ಪಿದ. ಒಳ್ಳೆಯದನ್ನು ಮಾಡಹೋಗಿ ಗಿಣಿ ಎಡವಿದ್ದು ಇಲ್ಲಿಯೇ. ನಾಟಕದಲ್ಲಿ ನೋಡುವವರು ದೂರ. ಕ್ಯಾಮೆರಾದ ಕಣ್ಣು ರೆಪ್ಪೆಯ ಕೂದಲನ್ನೂ ಬಿಡುವುದಿಲ್ಲವೆಂಬುದು ಅವಳಿಗೆ ತಿಳಿದಿರಲಿಲ್ಲ.

ಚಿತ್ರ ತೆಗೆಯುವ ಜಾಗವೆಂದರೆ ತಗಡಿನ ಸೂರಿನ ಒಂದು ಕೊಟ್ಟಿಗೆ. ಹೊರಗಿನ ಸದ್ದು ಬಾರದಂತೆ ಗೋಡೆಗಳಿಗೆಲ್ಲ ಹಳೆಯ ಕಂಬಳಿ ಹೊಡೆದಿದ್ದರು. ದೀಪಗಳ ಕಾವಿಗೆ ಮುಖದ ಬಣ್ಣ ಮೇಣದಂತೆ ಇಳಿಯುತ್ತಿತ್ತು. ಪಿಸುಮಾತನ್ನೂ ಮೈಕು ಹಿಡಿಯುತ್ತಿದ್ದುದರಿಂದ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವ ಹಾಗಿರಲಿಲ್ಲ.

ಚಿತ್ರದ ಜೀವವಿದ್ದದ್ದು ಒಂದು ದೃಶ್ಯದಲ್ಲಿ. ತಂದೆ ಮಗಳನ್ನು ಮನೆಯಿಂದ ಹೊರಗಟ್ಟುತ್ತಾನೆ. ಉದ್ದನೆಯ ಮಾತು ಅವನದು. ಮಗಳು ಬಾಯಿ ಬಿಡದೆ ಅಳಬೇಕು. ತಂದೆಯ ಹೆಗಲ ಹಿಂದಿನಿಂದ ಕ್ಯಾಮೆರಾ ಅವಳ ಮುಖವನ್ನೇ ನೋಡುತ್ತಿತ್ತು.

ದೊಡ್ಡಪ್ಪ ಮಾತು ಆರಂಭಿಸಿದ. ಗಿಣಿಯ ತುಟಿ ತಾನಾಗಿಯೇ ಅಲುಗಿತು.

"ನಿಲ್ಸಿ, ನಿಲ್ಸಿ!" ನಿರ್ದೇಶಕ ಕೂಗಿದ. "ಏನಮ್ಮ, ಜಪ ಮಾಡ್ತಿದ್ದೀಯಾ? ಅಪ್ಪ ಬೈತಿದ್ರೆ ಮಗಳು ಅವನ ಜೊತೆ ಸೇರ್ಕೊಂಡು ತನ್ನನ್ನೇ ಬೈಕೊಳ್ತಾಳಾ?"

ಎರಡನೆಯ ಸಲ ಅವಳು ಹಲ್ಲು ಕಚ್ಚಿ ತುಟಿ ಬಿಗಿಹಿಡಿದಳು. ದೊಡ್ಡಪ್ಪ ನಾಲ್ಕು ಮಾತಾಡಿ ನಿಂತ. ಅವನ ಕಣ್ಣು ಅವಳ ಬಾಯಿಯ ಮೇಲಿತ್ತು, ಕತ್ತಲಲ್ಲಿ ಬಾಗಿಲು ತಡವುವವನ ಹಾಗೆ. ನಿರ್ದೇಶಕ ಸಹಾಯಕನ ಕಡೆ ವಾಲಿ ಮೆಲ್ಲಗೆ, "ಮುದುಕನಿಗೆ ಅರಳುಮರಳು. ಇನ್ನೊಂದ್ಸಲ ನೋಡ್ತೀನಿ, ಆಗ್ಲಿಲ್ಲಾಂದ್ರೆ ಮನೆಗೆ ಕಳ್ಸಿ, ಬೇರೆಯವರನ್ನ ಕರ್ಕೊಂಡ್ಬನ್ನಿ," ಎಂದ. ದೊಡ್ಡಪ್ಪನಿಗೆ ಕೇಳಿಸಲಿಲ್ಲ. ಗಿಣಿಗೆ ಕೇಳಿಸಿತು.

ಅವಳು ಒಂದು ಗಳಿಗೆ ಕಣ್ಣು ಮುಚ್ಚಿದಳು. ಆ ಗಳಿಗೆಯಲ್ಲಿ ಅವಳು ಏನು ಬೇಡಿದಳೋ ದೇವರಿಗೇ ಗೊತ್ತು. ಕಣ್ಣು ತೆರೆದವಳು ನಿರ್ದೇಶಕನ ಬಳಿ ಹೋದಳು.

"ಸ್ವಾಮಿ, ನನ್ನಿಂದಾನೇ ತಪ್ಪಾಗ್ತಿರೋದು. ಯಂತ್ರ ಎದುರಿಗಿದ್ರೆ ನಂಗೆ ಅಳು ಬರಲ್ಲ. ಅದನ್ನ ನನ್ನ ಬೆನ್ನ ಹಿಂದಕ್ಕೆ ಇಡ್ಸಿ. ಅಪ್ಪನ ಮುಖ ಕಾಣ್ಲಿ."

"ಹುಚ್ಚು ಹಿಡೀತಾ ನಿಂಗೆ? ಈ ಚಿತ್ರ ತೆಗೀತಿರೋದೇ ನಿನ್ನ ಮುಖಕ್ಕಾಗಿ!"

"ಬರಲ್ಲ ಅಂದ್ರೆ ಬರಲ್ಲ ಸ್ವಾಮಿ. ಏನ್ಮಾಡ್ಲಿ?"

ಅವನು ಹಣೆ ಹಣೆ ಚಚ್ಚಿಕೊಂಡ. ದೀಪಗಳು ಉರಿಯುತ್ತಿದ್ದವು, ಹೊತ್ತು ಹೋಗುತ್ತಿತ್ತು. ಕೊನೆಗೆ ಕ್ಯಾಮೆರಾವನ್ನು ಅವಳ ಬೆನ್ನ ಹಿಂದೆ ತಂದಿಟ್ಟರು. ದೊಡ್ಡಪ್ಪ ಅವಳ ತುಟಿಗಳನ್ನು ಓದುತ್ತ ಮೊದಲಿಂದ ಕೊನೆಯವರೆಗೆ ಒಂದಕ್ಷರ ತಪ್ಪದೆ ನುಡಿದ. ದೀಪ ಹಿಡಿದು ನಿಂತಿದ್ದ ಕೂಲಿಯವರೂ ಕಣ್ಣೊರೆಸಿಕೊಂಡರು. ಗಿಣಿಯ ಕೆನ್ನೆಯ ಮೇಲೂ ಧಾರೆಯಾಗಿ ನೀರಿಳಿಯುತ್ತಿತ್ತು. ಅದನ್ನು ನೋಡಲು ಆ ಕಡೆ ದೊಡ್ಡಪ್ಪನ ಹೊರತು ಯಾರೂ ಇರಲಿಲ್ಲ.

ಮನೆಗೆ ಮರಳುವ ದಾರಿಯಲ್ಲಿ ದೊಡ್ಡಪ್ಪ ಕೇಳಿದ, "ನಿನ್ನನ್ಯಾಕೆ ಬೆನ್ನು ಕಾಣೋ ಹಾಗೆ ನಿಲ್ಸಿದ್ರು? ದಡ್ಡ ಮುಂಡೇವು!"

"ಬೆಳಕು ಸರಿ ಬೀಳ್ತಿರ್ಲಿಲ್ವಂತೆ ದೊಡ್ಡಪ್ಪ."

ಅವನು ಅವಳನ್ನೇ ನೋಡಿ, ಆಮೇಲೆ ಬೀದಿಯ ಕಡೆ ಮುಖ ತಿರುಗಿಸಿದ. ಮತ್ತೆ ಕೇಳಲಿಲ್ಲ.

ಚಿತ್ರ ಓಡಿತು, ಜನ ತಂದೆಯ ಪಾತ್ರವನ್ನು ಕೊಂಡಾಡಿದರು. ದೊಡ್ಡಪ್ಪ ಆ ಹೊಗಳಿಕೆಯ ನಡುವೆಯೇ ಇನ್ನು ಸಾಕೆಂದು ತಾನಾಗಿ ವೃತ್ತಿ ಬಿಟ್ಟ. ಗಿಣಿಯ ಬಗ್ಗೆ ಮಾತ್ರ ಒಂದು ಮಾತು ಚಿತ್ರದವರ ಬಾಯಿಂದ ಬಾಯಿಗೆ ಹಬ್ಬಿತು: ಅವಳಿಗೆ ಕ್ಯಾಮೆರಾ ಮುಂದೆ ಅಳು ಬರುವುದಿಲ್ಲ. ಅಳಲು ಬಾರದ ನಾಯಕಿ ಯಾರಿಗೆ ಬೇಕು? ಗುಂಪಿನಲ್ಲಿ ನಿಲ್ಲುವ ಪಾತ್ರ ಸಿಕ್ಕಿತು. ಆಮೇಲೆ ಅದೂ ಇಲ್ಲವಾಯಿತು. ಚಿತ್ರಗಳ ಹೊಡೆತಕ್ಕೆ ನಾಟಕ ಕಂಪನಿಯೂ ಬಾಗಿಲು ಹಾಕಿತು. ಪರದೆಯ ಮೇಲೆ ಕಾಣಬೇಕಾಗಿದ್ದ ಆ ಮುಖ ಒಂದು ದರ್ಜಿ ಅಂಗಡಿಯ ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಬಾಡಿತು.

ದೊಡ್ಡಪ್ಪ ತನ್ನ ಹಾಸಿಗೆಯಲ್ಲಿ ಶಾಂತವಾಗಿ ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ದೊಡ್ಡಮ್ಮ ಹಿತ್ತಲ ಕಲ್ಲಿನ ಮೇಲೆ ಕುಳಿತಿದ್ದಳು. ಗಿಣಿ ನೀರು ತಂದುಕೊಟ್ಟಳು. ಮುದುಕಿ ಲೋಟ ಹಿಡಿದುಕೊಂಡೇ ಬಿಕ್ಕಿದಳು.

"ಕೊನೇವರೆಗೂ ಒಂದು ಮಾತು ಮರೀಲಿಲ್ಲ ನನ್ನ ರಾಜ. ಊರೆಲ್ಲ ಹಾಗಂತು. ನೀನು ಮಾತ್ರ... ಅವರ ಕೈಯಲ್ಲಿ ಕಲ್ತು, ಅವರ ಎದುರಿಗೇ ಅಳೋಕ್ಕಾಗ್ಲಿಲ್ವಲ್ಲೇ! ಗುರು ಹೆಸರು ಕೆಡಿಸ್ಬಿಟ್ಟೆ."

ನಿಜವನ್ನು ಹೇಳಲು ಒಂದು ಉಸಿರು ಸಾಕಿತ್ತು. ಹೇಳಿದ್ದರೆ ತನ್ನ ಹೆಸರಿಗಂಟಿದ ಕಳಂಕ ತೊಳೆದುಹೋಗುತ್ತಿತ್ತು, ಆ ಮುದುಕಿಗೆ ಉಳಿದಿದ್ದ ಒಂದೇ ಹೆಮ್ಮೆಯೂ ಅದರ ಜೊತೆಗೇ ಹೋಗುತ್ತಿತ್ತು.

"ಹೌದು ದೊಡ್ಡಮ್ಮ," ಎಂದಳು ಗಿಣಿ. "ನಂಗೆ ಬರ್ಲಿಲ್ಲ. ನೀರು ಕುಡೀರಿ."

ನನ್ನ ಪ್ರಿಯ ಬಂಧುಗಳೇ, ನಿಮ್ಮ ಮನೆಯಲ್ಲಿಯೂ ನೆನಪು ಜಾರುವ, ಕೈ ನಡುಗುವ ಹಿರಿಯರು ಇದ್ದಾರು. ಅವರ ಕೊರತೆಯನ್ನು ನಾಲ್ಕು ಜನರ ಕಣ್ಣಿಂದ ಮರೆಮಾಡಿ. ಮಾಡಿದ್ದಕ್ಕೆ ಬೈಗುಳವೇ ಬಂದರೂ ನಿಜವನ್ನು ಹೊರಹಾಕಿ ಅವರ ಮಾನ ಕಳೆಯಬೇಡಿ. ನೀರಿನ ಲೋಟ ಮುಂದಿಟ್ಟು ಸುಮ್ಮನಿದ್ದುಬಿಡಿ. ಇಷ್ಟನ್ನು ಮಾಡಿರೆಂದು ಕೈಮುಗಿದು ಬೇಡುತ್ತೇನೆ.